ಬಾಯ್ಲರ್ ನುಂಗದ ಕಾರ್ಡುಗಳು

ಸುಟ್ಟಿಲ್ಲಲೇ, ಒಂದೂ ಸುಟ್ಟಿಲ್ಲ, ಮಂತ್ರಿ ಸಾಹೇಬರ ಆಫೀಸಿನಿಂದ ಈಗ ನನಗ ಫೋನ್ ಬಂದಿತ್ತು, ನಮ್ಮ ಕಾರ್ಡು ದಿನಾ ಹೋಗಿ ಅವರಿಗೆ ಮುಟ್ಟಲಿಕ್ಹತ್ಯಾವಂತ – ಮಾಧುರಿ ಹೇಳುತ್ತಿಲ್ಲ, ಚೀರುತ್ತಿದ್ದಾಳೆ, ಪುಣೆಯ ಶಿವಾಜಿನಗರ ಬಸ್ ಸ್ಟ್ಯಾಂಡಿನ ಅಷ್ಟೂ ಗದ್ದಲ ಸೀಳಿಕೊಂಡು ಅವಳ ದನಿ ನನ್ನ ಪುಟ್ಟ ಫೋನಿನಿಂದ ಹೊರಗೆ ಚೆಲ್ಲುತ್ತಿದೆ, ಪಕ್ಕದಲ್ಲಿ ನಿಂತ ಯಾರೋ ಕಾಕಾ ತಿರುಗಿ ನೋಡುತ್ತಾರೆ, ನೋಡಲಿ, ಯಾವ ಕಾರ್ಡು ಎಂದು ಕೇಳುತ್ತೇನೆ, ಎಂಥ ದಡ್ಡ ಪ್ರಶ್ನೆ, ನಮ್ಮಿಬ್ಬರ ನಡುವೆ ಮಾತು ಸಾಯಲು ಕಾರಣವಾದ ಕಾರ್ಡುಗಳು ಬೇರೆ ಯಾವುವಿವೆ, ಬೂದಿ ಆದದ್ದು ಹೆಂಗ ಮುಟ್ಟತದ ಮಾಧುರಿ, ನಾ ಕಣ್ಣಾರೆ ನೋಡೀನಿ ಬೂದಿ, ಅವಳು ನಗುತ್ತಾಳೆ, ಎಷ್ಟು ದಿನವಾಯಿತು ಇವಳ ನಗು ಕೇಳಿ, ನಾಟಕ ಮಾಡಬ್ಯಾಡ, ನೀನೇ ಹಾಕಿರಬೇಕು, ಸುಟ್ಟಾವಂತ ನಮ್ಮನ್ನ ಅಳಿಸಿ ಹಿಂದಿನಿಂದ ನೀನೇ ಪೋಸ್ಟ್ ಮಾಡೀಯಲ್ಲ ಕಳ್ಳಿ – ನಾನಲ್ಲ, ದೇವರಾಣೆ ನಾನಲ್ಲ, ಬಸ್ಸು ಬಂತು, ಫೋನು ಭುಜಕ್ಕೂ ಕಿವಿಗೂ ನಡುವೆ, ಕಾಲು ಮೆಟ್ಟಿಲ ಮೇಲೆ, ಪುಢೇ ಚಲಾ ಪುಢೇ ಎಂದು ಕಂಡಕ್ಟರ್ ಕೂಗುತ್ತಿದ್ದಾನೆ, ಹೋಗುತ್ತೇನಪ್ಪಾ ಮುಂದೆ, ಹಾರಿಕೊಂಡು ಹೋಗುತ್ತೇನೆ ಇವತ್ತು.

ಕಿಟಕಿ ಪಕ್ಕದ ಸೀಟು ಸಿಕ್ಕಿತು, ಇವತ್ತು ಎಲ್ಲವೂ ಸಿಗುತ್ತದೆ. ಒಂದು ಚೀಲ ತುಂಬ ಕಾರ್ಡು, ಐವತ್ತು ಪೈಸೆಯ ಹಳದಿ ಪೋಸ್ಟ್ ಕಾರ್ಡು, ದೀಪಾವಳಿ ಮುಗಿದಾಗಿನಿಂದ ನಾವು ಕ್ಲಾಸು ಬಿಟ್ಟು ಬಿಟ್ಟು ಜನರ ಕೈಲಿ ಬರೆಸಿದ್ದು, ರೈಲ್ವೆ ಸ್ಟೇಷನ್ನಿನ ಹಮಾಲರು, ಹಾಸ್ಟೆಲಿನ ಹುಡುಗಿಯರು, ನಮ್ಮ ವಠಾರದ ಅಷ್ಟೂ ಮನೆಯವರು, ಸಾಹೇಬರೇ ಬಯಲಲ್ಲಿ ಕಸ ಸುಡುವುದು ನಿಲ್ಲಿಸಿ, ಸಾಹೇಬರೇ ಊರಿನ ಗಾಳಿ ಉಸಿರಾಡುವ ಹಾಗಿಲ್ಲ, ಸಾಹೇಬರೇ ಭೂಮಿ ಬಿಸಿಯಾಗುತ್ತಿದೆ, ಕೆಳಗೆ ಮಾಧುರಿಯ ಮೊಬೈಲ್ ನಂಬರು, ಯಾಕೆಂದರೆ ಅವಳದು ಲೈಫ್‌ಟೈಮ್ ಸಿಮ್, ನನ್ನದು ಯಾವಾಗ ಬಂದ್ ಆಗುತ್ತದೋ ನನಗೇ ಗೊತ್ತಿಲ್ಲ, ಆ ಕಾರ್ಡನ್ನೆಲ್ಲ ದಾರಕ್ಕೆ ಪೋಣಿಸಿ ತೋರಣ ಮಾಡಿ ಸಾಹೇಬರ ಗೇಟಿಗೆ ಕಟ್ಟಬೇಕು, ಪೇಪರಿನವರು ಫೋಟೋ ತೆಗೆಯಬೇಕು, ಆಗಲಾದರೂ ಅವರು ನಮಗೆ ಹತ್ತು ನಿಮಿಷ ಕೊಡಬೇಕು – ಇದು ನನ್ನದೇ ಐಡಿಯಾ, ವಿಳಾಸ ಬರೆಯುವ ಕೆಲಸವೂ ನನ್ನದೇ, ಬರೆದು ಬರೆದು ಬೆರಳು ಬಾತಿದ್ದವು, ಚೀಲವನ್ನು ಬಚ್ಚಲಮನೆಯ ಅಟ್ಟದ ಕೆಳಗಿಟ್ಟೆ, ಎರಡು ಕೋಣೆಯ ಮನೆಯಲ್ಲಿ ಇನ್ನೆಲ್ಲಿಡಲಿ, ಪಕ್ಕದಲ್ಲೇ ಹಳೇ ಪೇಪರಿನ ರಾಶಿ, ಅದರ ಪಕ್ಕದಲ್ಲಿ ಕಟ್ಟಿಗೆ, ಅದರ ಪಕ್ಕದಲ್ಲಿ ಅಜ್ಜಿಯ ತಾಮ್ರದ ಬಾಯ್ಲರ್. ಒಂದು ಮುಂಜಾನೆ ಚೀಲವಿಲ್ಲ. ಬಾಯ್ಲರಿನ ಕೆಳಗೆ ಬೂದಿ, ಬೂದಿಯಲ್ಲಿ ದಪ್ಪ ಕಾಗದದ ಕರಕಲು ಅಂಚು, ಮುಟ್ಟಿದರೆ ಪುಡಿ.

ಅಜ್ಜಿ ಕಾಶವ್ವ, ಕೈಗೆ ಸಿಕ್ಕಿದ್ದೆಲ್ಲ ಒಲೆಗೆ ಹಾಕುವವಳು, ಹಾಲಿನ ಪ್ಲಾಸ್ಟಿಕ್ಕು, ಹರಿದ ಚಪ್ಪಲಿ, ನಾನು ಎಷ್ಟು ಸಲ ಭಾಷಣ ಬಿಗಿದಿದ್ದೆ, ಅಜ್ಜಿ ನಿನ್ನ ಬಾಯ್ಲರ್‌ನಿಂದ ಭೂಮಿ ಬಿಸಿ ಆಗ್ತದ, ಅವಳು ಊದುಗೊಳವೆ ಕೆಳಗಿಟ್ಟು, ಭೂಮಿ ಬಿಸಿ ಆಗೂದಿರ್ಲಿ ಬಿಡ, ಮೊದಲ ನಿನ್ನ ಜಳಕದ ನೀರ ಬಿಸಿ ಆಗವಲ್ದು. ಹೋಗಿ ಕೇಳಿಬಿಡುತ್ತೇನೆ ಎಂದು ಎದ್ದೆ, ಅಪ್ಪ ನಿಜಲಿಂಗಪ್ಪ ತೋಳು ಹಿಡಿದ, ಬಟ್ಟೆ ಅಂಗಡಿಯಲ್ಲಿ ಯಾರೊಬ್ಬರೂ ಅವನ ಏರುದನಿ ಕೇಳಿಲ್ಲ, ಮನೆಯಲ್ಲೂ ಅಷ್ಟೇ, ಮೆಲ್ಲಗೆ ಅಂದ, ಅವ್ವಗ ಒಂದ ಮಾತೂ ಕೇಳಬ್ಯಾಡ, ತಪ್ಪು ಆತಂತ ಗೊತ್ತಾದ್ರ ಉಣ್ಣೂದ ಬಿಡ್ತಾಳ, ಹೋದ ವರ್ಷ ಗ್ಲಾಸ್ ಒಡದಾಗ ನೋಡೀಯಿಲ್ಲ. ನೋಡಿದ್ದೆ. ಕೇಳಲಿಲ್ಲ. ಕೇಳಲಿಲ್ಲ ಅಂದರೆ ಮಾತೇ ಆಡಲಿಲ್ಲ, ರೊಟ್ಟಿ ಹಾಕಲೇನ ಅಂದರೆ ತಲೆ ಅಲ್ಲಾಡಿಸುವುದು, ಬಾಯ್ಲರಿನ ನೀರನ್ನು ಮುಟ್ಟಲೂ ಇಲ್ಲ, ಡಿಸೆಂಬರಿನ ಪುಣೆಯಲ್ಲಿ ನಲ್ಲಿಯ ನೀರು, ಮೊದಲ ತಂಬಿಗೆ ಬೆನ್ನಿಗೆ ಬಿದ್ದಾಗ ಜೀವ ಹೋಗಿ ಬಂದಂತೆ, ಹಲ್ಲು ಕಟಕಟ, ಆದರೂ ಹಟ, ನೋಡಲಿ ಅವಳು, ಏನನ್ನು ನೋಡಬೇಕು, ಪಾಪ, ಅವಳಿಗೆ ಏನು ಗೊತ್ತು – ಪುಲ್ಗೇಟ್, ಪುಲ್ಗೇಟ್, ಕಂಡಕ್ಟರನ ಕೂಗಿಗೆ ಯಾರೋ ಇಳಿಯುತ್ತಾರೆ, ಡೀಸೆಲ್ ಹೊಗೆ ಒಳಗೆ ನುಗ್ಗುತ್ತದೆ, ಮುಂದಿನ ರಿಕ್ಷಾದಿಂದ ನೀಲಿ ಹೊಗೆ, ಕೆಮ್ಮುತ್ತ ಕೆಮ್ಮುತ್ತ ನಗು ಬರುತ್ತದೆ.

ಕಾರ್ಡು ಸುಟ್ಟವೆಂದು ಎಲ್ಲರಿಗೂ ಹೇಳಿ ಆಗಿತ್ತು, ಕಾಲೇಜಿನ ಗುಂಪಿನವರೆಲ್ಲ ಬೈದರು, ಸಂಜೆಯವರೆಗೆ ಬೈದು ಮರುದಿನ ಪರೀಕ್ಷೆಯ ಚಿಂತೆಗೆ ಹೋದರು, ಮಾಧುರಿ ಮಾತ್ರ ಬೈಯಲೂ ಇಲ್ಲ ಮಾತಾಡಲೂ ಇಲ್ಲ, ಅದೇ ಹೆಚ್ಚು ನೋವು, ಅದಕ್ಕಿಂತ ಹೆಚ್ಚು ಸಕ್ಕುಬಾಯಿ. ವಿಮಾನ ನಗರದ ಹಿಂದೆ ಕಟ್ಟುತ್ತಿರುವ ಆ ದೊಡ್ಡ ಕಟ್ಟಡ, ಅದರ ಬುಡದಲ್ಲಿ ತಗಡಿನ ಸಾಲು ಮನೆ, ಯಾದಗಿರಿ ಕಡೆಯ ಕೂಲಿಯವರೆಲ್ಲ ಅಲ್ಲೇ, ತಗಡಿನ ಬೆನ್ನಿಗೆ ಕಸದ ಗುಡ್ಡ, ಕತ್ತಲಾಗುವ ಹೊತ್ತಿಗೆ ಯಾರೋ ಬೆಂಕಿ ಹಚ್ಚುತ್ತಾರೆ, ಯಾರೆಂದು ಯಾರಿಗೂ ಗೊತ್ತಿಲ್ಲ, ಮೇಲೆ ವಿಮಾನ ಇಳಿಯುತ್ತಿರುತ್ತದೆ, ಕೆಳಗೆ ಹೊಗೆ ಏಳುತ್ತಿರುತ್ತದೆ, ಸಕ್ಕುಬಾಯಿ ಸಿಮೆಂಟಿನ ಕೈಯನ್ನು ಸೆರಗಿಗೆ ಒರೆಸಿ ನನ್ನೆದುರು ಕೂತು, ಬರಿ ತಂಗಿ, ಹೊಗಿ ಬಂದ್ ಮಾಡ್ರಿ ಅಂತ ಬರಿ, ನನ್ನ ಮಗ ಪ್ರೇಮಕುಮಾರ ತಗಡಿಗಿ ಬೆನ್ನ ಹಚ್ಚಿ ಕುಂತೇ ಮಲಗ್ತಾನ, ಅಡ್ಡ ಆದ್ನಂದ್ರ ದಮ್ಮು ಹತ್ತತದ. ನಾನು ದೊಡ್ಡ ಶಾಣ್ಯಾಕಿಯ ಹಾಗೆ, ಬಾಯಿ, ಭೂಮಿಯ ಬಿಸಿ ಏರ್ತದ, ಉತ್ತರ ಧ್ರುವದಾಗ ಬರ್ಫ ಕರಗ್ತದ, ಅದನ್ನೂ ಬರೀಲೇನ್ರಿ, ಅವಳು ವಿಚಾರ ಮಾಡಿ, ಅದೂ ಬರಿ, ಪಾಪ ಕರಗಬಾರದು, ಖರೆ ನನ್ನ ಹೊಗಿ ಮೊದಲ ಬರಿ. ಆ ಕಾರ್ಡು ಸುಟ್ಟುಹೋಯಿತು ಎಂದು ಹೇಳಲು ಹೋದ ದಿನ ಅವಳು ಇಟ್ಟಿಗೆ ಹೊತ್ತುಕೊಂಡೇ ನಿಂತಳು, ಬೈಯುತ್ತಾಳೆ ಅಂದುಕೊಂಡೆ, ನಕ್ಕಳು, ಅಲ್ಲವಾ, ಇಲ್ಲಿ ಕಸ ಸುಡ್ತಾರ, ಅಲ್ಲಿ ನಿಮ್ಮನ್ಯಾಗ ನಮ್ಮ ಮಾತ ಸುಡ್ತೀರಿ, ನಾವ ಎಲ್ಲಿಗಿ ಹೋಗಬೇಕು. ಮತ್ತೆ ಬರೆಯೋಣ ಅಂದೆ. ಒಮ್ಮಿ ಹೇಳೀನಿ, ಇನ್ನೆಷ್ಟ ಸಲ ಹೇಳ್ಲಿ, ಅಂದಳು, ಹೋದಳು, ಅವಳ ಹಿಂದೆ ಆ ಹುಡುಗ ತಗಡಿಗೆ ಬೆನ್ನು ಹಚ್ಚಿ ಕೂತಿದ್ದ, ಹಗಲಲ್ಲೇ ಕಣ್ಣು ಮುಚ್ಚಿಕೊಂಡು.

ಫೋನು ಮತ್ತೆ, ಮಾಧುರಿ, ಪೂರ್ತಿ ಕೇಳಲಾರದ ಕಟ್ ಮಾಡಿದೆಲ್ಲ ಹುಚ್ಚಿ, ಕಟ್ ಮಾಡಿದ್ದು ನಾನಲ್ಲ ರೇಂಜು, ಹೇಳು ಹೇಳು, ಆಫೀಸಿನ ಕಾರಕೂನ ಕೈ ಮುಗಿಯುವ ದನಿಯಲ್ಲಿ ಮಾತಾಡಿದನಂತೆ, ಅಹೋ ತಾಈ, ಆತಾ ಪುರೇ ಕರಾ, ಸಾಕು ಮಾಡ್ರಿ ಇನ್ನ, ಟಪಾಲಿನಾಗ ಬಂದದ್ದಕ್ಕ ಒಂದೊಂದಕ್ಕೂ ಶಿಕ್ಕಾ ಹೊಡೀಬೇಕು, ಒಂದೊಂದಕ್ಕೂ ನಂಬರ್ ಹಾಕಬೇಕು, ಒಂದೊಂದಕ್ಕೂ ಬ್ಯಾರೆ ಬ್ಯಾರೆ ಉತ್ತರ ಬರೀಬೇಕು, ನಮ್ಮ ಆಫೀಸಿನ ಪದ್ಧತೀನೇ ಹಂಗದ, ಎಲ್ಲಾ ಕೂಡಿಸಿ ಒಂದ ಗಂಟು ತಂದು ಕೊಟ್ಟಿದ್ರ ಒಂದ ನಂಬರಿನ್ಯಾಗ ಮುಗೀತಿತ್ತಲ್ಲ ತಾಈ, ರೋಜ್ ಮೂಠಭರ್, ದಿನಾ ಒಂದು ಹಿಡಿ, ದಿನಾ ಒಂದು ಹಿಡಿ, ಸಾಹೇಬರು ಬಂದ ಕೂಡಲೇ ಇವತ್ತೆಷ್ಟು ಅಂತ ಕೇಳ್ತಾರ, ಇವತ್ತ ಅವರೇ ಅಂದ್ರು, ಕರೀರಿ ಆ ಹುಡುಗ್ಯಾರನ್ನ, ನಾಳೆ ಹನ್ನೊಂದಕ್ಕ. ನಾಳೆ! ತೋರಣ ಕಟ್ಟಿದ್ದರೆ ಒಂದೇ ನಂಬರು, ಒಂದೇ ಫೋಟೋ, ಮುಗಿಯಿತು, ನನ್ನ ಐಡಿಯಾ ಎಷ್ಟು ಪೊಳ್ಳು, ಎಷ್ಟು ಚೆಂದದ ಪೊಳ್ಳು – ಆದರೆ ಹಿಡಿ, ದಿನಾ ಒಂದು ಹಿಡಿ, ಈ ಊರಲ್ಲಿ ಯಾರು ಹಿಡಿಯಲ್ಲಿ ಕೊಡುತ್ತಾರೆ, ಕಿಲೋ, ಡಜನ್ನು, ಪ್ಯಾಕೆಟ್ಟು, ಹಿಡಿ ಯಾರದು, ಜೋಳಿಗೆಯವರಿಗೆ ಒಂದು ಹಿಡಿ ಜೋಳ, ಗುಬ್ಬಿಗೆ ಒಂದು ಹಿಡಿ ಅಕ್ಕಿ, ನನ್ನ ಬಾಯಿಗೆ ಬಲವಂತದ ಒಂದು ಹಿಡಿ ಶೇಂಗಾ – ಅಯ್ಯೋ ಅಜ್ಜಿ.

ಸ್ಟಾಪಿನಿಂದ ಓಡುತ್ತೇನೆ, ಚಪ್ಪಲಿಯ ಉಂಗುಟ ಕಿತ್ತಿದೆ, ಕೈಯಲ್ಲಿ ಹಿಡಿದು ಓಡುತ್ತೇನೆ, ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ, ತಪ ತಪ, ಅಜ್ಜಿ, ಬಚ್ಚಲದಾಗಿನ ಕಾರ್ಡು ಏನ ಮಾಡಿದಿ, ಒಳಗಿಂದ ಅಪ್ಪ ಕೆಮ್ಮುತ್ತಾನೆ, ಕೇಳಬ್ಯಾಡಂದಿದ್ದೆ ಎನ್ನುವ ಕೆಮ್ಮು, ಅಜ್ಜಿ ತಲೆಯನ್ನೂ ಎತ್ತುವುದಿಲ್ಲ, ಅವಾ? ದಿನಾ ಹಾಕ್ಲಿಕ್ಹತ್ತೀನಲ್ಲ, ಹಾಲಿಗೆ ಹೋಗೂವಾಗ. ದಿನಾ? ಹ್ಞೂಂ, ಮೊದಲನೇ ದಿನ ಚೀಲಾನೇ ಒಯ್ದಿದ್ದೆ, ಟಪಾಲಿನಂವ ನೋಡಿ ಬೈದ, ಏ ಆಜಿ, ಡಬ್ಬಿ ನಿನ್ನೊಬ್ಬಾಕಿದೇನ, ಥೋಡೆ ಥೋಡೆ ಟಾಕಾ, ಅಂದಾಗಿನಿಂದ ನನ್ನ ಟ್ರಂಕಿನಾಗ ಇಟ್ಟು ಹಿಡಿ ಹಿಡಿ ಹಾಕ್ತೀನಿ. ಮತ್ತ ಬೂದಿ? ಯಾವ ಬೂದಿ, ಅದು ನಿಮ್ಮಪ್ಪನ ಅಂಗಡಿ ಹಳೇ ಕ್ಯಾಲೆಂಡರು. ಮತ್ತ ಯಾಕ ಹೇಳಲಿಲ್ಲ ಅಜ್ಜಿ? ಈಗ ತಲೆ ಎತ್ತುತ್ತಾಳೆ, ಯಾರಿಗೆ ಹೇಳ್ಲಿ, ನೀ ಮಾತ ಬಿಟ್ಟಿದ್ದಿ, ತಣ್ಣೀರ ಜಳಕ ಹಿಡಿದಿದ್ದಿ, ನಾ ತಿಳಕೊಂಡೆ ಹುಡುಗಿ ಪಾಸಾಗಲಿಕ್ಕ ಯಾವುದೋ ದೇವರಿಗೆ ನಡಕೊಳ್ಳಿಕ್ಹತ್ಯಾಳ, ನಡುವ ಮಾತಾಡಿಸಿ ವ್ರತ ಕೆಡಿಸಬಾರದಂತ ಸುಮ್ಮನಾದೆ. ಒಳಗೆ ಅಪ್ಪನ ಕೆಮ್ಮು ನಗುವಾಗಿ ಒಡೆಯುತ್ತದೆ. ನಿನಗ ಮೂರ ಸಲ ಕೇಳಿದ್ದೆ, ಇವು ಯಾವಾಗ ಹಾಕೂವು ಅಂತ, ನೀ ಮೊಬೈಲ್ ಒತ್ತಿಕೋತ ಹಾಕ್ತೀವಿ ಹಾಕ್ತೀವಿ ಅಂದಿ, ಬರದಿಟ್ಟ ಪತ್ರ ಮನ್ಯಾಗ ಇಟಗೊಂಡು ಹೆಂಗ ಕೂಡೂದು, ಅಲ್ಲಿ ಅವರು ದಾರಿ ಕಾಯ್ತಿರ್ತಾರ – ಯಾರಜ್ಜಿ, ಮಂತ್ರಿಗೋಳು? – ಯಾರೇ ಆಗವಲ್ರಾಕ. ನಾನು ಹಿಟ್ಟಿನ ಕೈಯ ಅಜ್ಜಿಯನ್ನು ಹಾಗೇ ತಬ್ಬಿಕೊಳ್ಳುತ್ತೇನೆ, ಜೋಳದ ಹಿಟ್ಟು, ಹೊಗೆ, ಗಂಧದೆಣ್ಣೆ, ಏ ಬಿಡ, ರೊಟ್ಟಿ ಹೊತ್ತತದ, ನಿನ್ನ ವ್ರತ ಮುಗೀತೇನ? ಮುಗೀತಜ್ಜಿ, ನಾಳೆ ಬಿಸಿನೀರು ಕಾಯಿಸು, ಪ್ಲಾಸ್ಟಿಕ್ ಒಂದ ಹಾಕಬ್ಯಾಡ. ಶುರು ಆತು ಇಕಿದು.

ಕಟ್ಟಡದ ಕೆಲಸ ನೋಡುವ ಮುಕಾದಮನ ಫೋನಿಗೆ ಮಾಡಿದೆ, ಸಕ್ಕುಬಾಯಿಗೆ ಕೊಡ್ರಿ, ಕೊಟ್ಟ, ಬಾಯಿ ನಿಮ್ಮ ಮಾತು ಸುಟ್ಟಿಲ್ಲ, ಸಾಹೇಬರ ಟೇಬಲ್ಲಿಗೆ ಹೋಗ್ಯದ, ಅವರು ನಾಳೆ ಕರೆದಾರ, ಆ ಕಡೆ ಕಾಂಕ್ರೀಟ್ ಮಿಕ್ಸರಿನ ಗರಗರ, ಮತ್ತೆ ಸಕ್ಕುಬಾಯಿ, ನಾಳಿನೇ? ಮಗನ್ನ ಕರ್ಕೊಂಡು ಬರ್ತೀನಿ, ಕುಂತ ಹೆಂಗ ಮಲಗ್ತಾನಂತ ಅವರೇ ನೋಡ್ಲಿ. ಎದೆ ಹಗುರ, ಹತ್ತಿ ಹಿಂಜಿ ಹಾರಿಬಿಟ್ಟಷ್ಟು ಹಗುರ. ಆ ಹುಡುಗನ ಹೊಗೆಯ ಕತೆ ಕೇಳುತ್ತಲೇ ಅಜ್ಜಿ ಟ್ರಂಕು ತೆಗೆದಿದ್ದಾಳೆ, ಸೀರೆಗಳ ಕೆಳಗೆ ಇನ್ನೂ ಒಂದು ಕಟ್ಟು ಉಳಿದಿದೆ, ಇವನ್ನ ಕೊಡಜ್ಜಿ, ನಾಳೆ ಕೈಯಾರೆ ಒಯ್ತೀವಿ, ಸಾಕು ಮಾಡ್ರಿ ಅಂತ ಅವರೇ ಅಂದಾರ. ಸಾಕಂದ್ರ? ಅಜ್ಜಿ ಕಟ್ಟನ್ನು ಬೆನ್ನ ಹಿಂದೆ ಹಿಡಿಯುತ್ತಾಳೆ, ಆ ಹುಡುಗನ ಮನಿ ಹೊಗಿ ನಿಂತಿತೇನ? ಇಲ್ಲಜ್ಜಿ. ಮತ್ತ ಇವು ಯಾಕ ನಿಲ್ಲಬೇಕು, ನೀ ಹೋಗಿ ಮಾತಾಡು, ಇವು ಹೋಗೂ ದಾರಿಲೇ ಹೋಗ್ಲಿ. ಕಟ್ಟು ಹಿಡಿದುಕೊಂಡೇ ಹೊಸ್ತಿಲು ದಾಟುತ್ತಾಳೆ.

ಚಪ್ಪಲಿಗೆ ಪಿನ್ನು ಸಿಕ್ಕಿಸಿಕೊಂಡು ಅವಳ ಹಿಂದೆ ನಡೆಯುತ್ತೇನೆ, ಸಂಜೆಯ ಗಲ್ಲಿ, ಒಗ್ಗರಣೆಯ ವಾಸನೆ, ಮೂಲೆಯ ಗೋಡೆಗೆ ತೂಗುಬಿದ್ದ ಕೆಂಪು ಡಬ್ಬಿ, ಎಷ್ಟು ವರ್ಷದಿಂದ ಇದರ ಮುಂದೆ ಹಾಯುತ್ತಿದ್ದೇನೆ, ಅಜ್ಜಿ ತುದಿಗಾಲಲ್ಲಿ ನಿಂತಿದ್ದಾಳೆ, ಡಬ್ಬಿ ಅವಳಿಗೆ ಎತ್ತರ, ದಿನಾ ಹೀಗೆ ನಿಂತಿರಬೇಕು, ಹಾಲಿನ ಚೀಲ ಮೊಳಕೈಗೆ, ಮುಂಜಾನೆಯ ಮಂಜಿನಲ್ಲಿ, ನಾನು ತಣ್ಣೀರಿನಲ್ಲಿ ಹಲ್ಲು ಕಡಿಯುತ್ತಿದ್ದ ಅದೇ ಹೊತ್ತಿಗೆ, ಹಾಕಿಕೊಡಲೇನ ಅಜ್ಜಿ, ಬ್ಯಾಡ, ನನಗ ರೂಢಿ ಆಗ್ಯದ, ಒಂದು ಹಿಡಿ ತೆಗೆಯುತ್ತಾಳೆ, ಉಳಿದದ್ದು ನಾಳೆಗೆ ಎಂದು ಸೊಂಟಕ್ಕೆ ಸಿಕ್ಕಿಸುತ್ತಾಳೆ, ಒಂದೊಂದೇ ಒಳಗೆ ತಳ್ಳುತ್ತಾಳೆ, ನನ್ನ ಫೋನು ನಡುಗುತ್ತದೆ, ಮಾಧುರಿಯ ಮೆಸೇಜು, ನಾಳೆ ಹನ್ನೊಂದು, ಗೇಟಿನ ಹತ್ತಿರ, ತಡ ಮಾಡಿದ್ರ ಕೊಲ್ತೀನಿ, ಬರ್ತೀನಿ ಎಂದು ಒತ್ತಬೇಕು, ಹೆಬ್ಬೆರಳು ಕೀಲಿಯ ಮೇಲೆ, ಒತ್ತಬೇಕು – ಅಜ್ಜಿಯ ಕೈ ಡಬ್ಬಿಯ ಬಾಯಲ್ಲಿ, ಮಣಿಕಟ್ಟಿನವರೆಗೆ, ಹಸಿರು ಬಳೆ ಕೆಂಪು ತಗಡಿಗೆ ತಾಗಿ ನಿಂತಿದೆ, ಬೆರಳುಗಳು ಒಳಗಿನ ಕತ್ತಲಲ್ಲಿ, ಕಾರ್ಡು ತಳ ಮುಟ್ಟಿದ ಸಪ್ಪಳ ಕೇಳುವವರೆಗೆ ಅವಳು ಕೈ ತೆಗೆಯುವುದಿಲ್ಲ, ಕೈ ಹಾಗೇ, ಬಳೆ ಹಾಗೇ, ಕೆಂಪು ಬಾಯಲ್ಲಿ ಅಜ್ಜಿಯ ಕೈ