ಕೂಡಿಹೋದ ಗೆರೆಗಳು

ವೀಬ್ಕೆ ಟೋನ್ಸನ್ ನನ್ನ ಪಕ್ಕದ ಮೇಜಿನವಳು. ಕೀಲ್ ಊರಿನ ಆ ಪ್ರಯೋಗಶಾಲೆಯಲ್ಲಿ ಅವಳಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರನ್ನು ನಾನು ಕಂಡಿಲ್ಲ; ಅವಳಷ್ಟು ಬೇಗ ತನ್ನನ್ನೇ ಬೈದುಕೊಳ್ಳುವವರನ್ನೂ ಕಂಡಿಲ್ಲ. ಆ ಚಳಿಗಾಲವೆಲ್ಲ ಜಲಜನಕದೊಳಗೆ ವಿದ್ಯುತ್ ಹಾಯಿಸಿ ಬೆಳಗಿಸುವುದು, ಆ ಬೆಳಕನ್ನು ಬಣ್ಣಬಣ್ಣದ ಗೆರೆಗಳಾಗಿ ಬಿಡಿಸಿ ಫೋಟೋ ಲೇಪ ಬಳಿದ ಗಾಜಿನ ಫಲಕದ ಮೇಲೆ ಹಿಡಿಯುವುದು, ಇದೇ ಅವಳ ಕೆಲಸ. ನೇರಳೆಯ ಕಡೆ ಹೋದಂತೆ ಗೆರೆಗಳು ಹತ್ತಿರವಾಗುತ್ತವೆ, ಅದು ಸರಿಯೇ. ಆದರೆ ವಾರ ಕಳೆದಂತೆ ಕೊನೆಯ ಗೆರೆಗಳು ಒಂದರೊಳಗೊಂದು ಕರಗಿ ಬರೀ ಬೆಳಕಿನ ಪಟ್ಟಿಯಾಗತೊಡಗಿದವು.

ಮಸೂರ ಕೆಟ್ಟಿದೆ ಎಂದಳು. ಸರಿಪಡಿಸಿದಳು. ಮತ್ತೆರಡು ಗೆರೆ ಹೋದವು. ಸೋಮವಾರದಿಂದ ಉಪಕರಣ ಬೇರೆ ತಂಡದ ಪಾಲು. ತನ್ನ ಪ್ರಬಂಧ ಮುಳುಗಿತು ಎಂದುಕೊಂಡೇ ಅವಳು ಪ್ರೊಫೆಸರ್ ಲೋರೆಂಟ್ಸನ್ ಎದುರು ಕಡೆಯ ಫಲಕ ಇಟ್ಟಳು.

ಪ್ರೊಫೆಸರು ಮೊದಲು ಅಂಚು ನೋಡಿದರು. ಅಳತೆಗೆಂದು ಪ್ರತಿ ಫಲಕದ ಅಂಚಿನಲ್ಲೂ ಕಬ್ಬಿಣದ ಬೆಳಕನ್ನು ಹಿಡಿದಿಡುವುದು ನಮ್ಮ ವಾಡಿಕೆ. ಆ ಗೆರೆಗಳು ಕೂದಲೆಳೆಯಷ್ಟು ತೆಳ್ಳಗೆ, ಚೊಕ್ಕವಾಗಿದ್ದವು. ವಾರವಾರ ಏನು ಬದಲಿಸಿದೆ ಎಂದು ಕೇಳಿದರು. ಅನಿಲದ ಒತ್ತಡ ಏರಿಸುತ್ತ ಹೋದೆ ಎಂದಳು.

"ಮತ್ತೆ ಪಾಪ, ಮಸೂರವನ್ನ ಯಾಕಮ್ಮ ಬೈತೀಯ? ಅದು ಕೆಟ್ಟಿದ್ರೆ ಕಬ್ಬಿಣದ ಗೆರೆನೂ ಮಸುಕಾಗ್ತಿತ್ತು. ಒತ್ತಡ ಏರಿದ್ರೆ ಕಣಗಳು ಒತ್ತೊತ್ತಾಗಿ ಸೇರಿ ಒಂದನ್ನೊಂದು ಎಳೆದಾಡ್ತಾವೆ. ಒಂದೊಂದು ಗೆರೆನೂ ಅಗಲ ಆಗಿ ಪಕ್ಕದ್ದಕ್ಕೆ ತಾಗತ್ತೆ. ಎಲ್ಲಿಂದ ಕೂಡಿಹೋಯ್ತು ಅಂತ ಗೊತ್ತಾದ್ರೆ ಕಣಗಳು ಎಷ್ಟು ದಟ್ಟವಾಗಿದ್ವು ಅಂತ ಲೆಕ್ಕ ಸಿಗತ್ತೆ. ಅದೇ ನಿನ್ನ ಪ್ರಬಂಧ. ಹಳೇ ಫಲಕ ಎಲ್ಲ ತಾ."

ವೀಬ್ಕೆಯ ಮುಖ ಬಿಳಿಚಿತು.

"ಅವೆಲ್ಲ ಕೆಟ್ಟವು ಅಂತ ಚಿಕ್ಕಪ್ಪನ ತೋಟಕ್ಕೆ ಕೊಟ್ಬಿಟ್ಟೆ. ಲೆಟಿಸ್ ಸೊಪ್ಪಿನ ಸಸಿ ಮುಚ್ಚೋಕೆ."

ಕೆಟ್ಟ ಫಲಕದ ಲೇಪ ಕೆರೆದು ತೋಟದ ಗಾಜು ಮಾಡಿಕೊಳ್ಳುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸವೇ. ಇಬ್ಬರೂ ಬಿದ್ದೆನೋ ಎದ್ದೆನೋ ಎಂದು ಸೈಕಲ್ ತುಳಿದೆವು. ತೋಟದಲ್ಲಿ ಚಿಕ್ಕಪ್ಪ ಡೆಟ್ಲೆಫ್ ಲೇಪ ಬಿಡಿಸುವ ಬಿಸಿ ವಾಷಿಂಗ್ ಸೋಡಾ ನೀರಿನ ಬಕೆಟ್ ಮುಂದಿಟ್ಟುಕೊಂಡು ಕೂತಿದ್ದರು. ವೀಬ್ಕೆ ಸೈಕಲ್ ಬಿಸಾಡಿ ಬಕೆಟ್ಟಿನೊಳಗೆ ಇಣುಕಿದಳು. ಗಾಜೆಲ್ಲಿ ಎಂದು ನಾನೇ ಕೇಳಿದೆ.

"ಈ ಚಳೀಲಿ ಯಾವ ಸಸಿ? ಇವತ್ತಾದ್ರೂ ಕೆರೆಯೋಣ ಅಂತ ಕೂತೆ. ಮೊದಲು ಒಂದು ಪೈಪ್ ಸೇದ್ಬಿಡೋಣ ಅಂತ ಇದ್ದೆ, ಅಷ್ಟರಲ್ಲಿ ನೀವು ಬಂದ್ರಿ."

ಫಲಕಗಳು ಪೆಟ್ಟಿಗೆಯಲ್ಲಿ ಹಾಗೇ ಇದ್ದವು. ವೀಬ್ಕೆ ಒಂದನ್ನು ಆಕಾಶಕ್ಕೆ ಹಿಡಿದು ಗೆರೆ ಎಣಿಸಿದಳು. ಅದರ ಮುಂದಿನ ವಾರದ್ದನ್ನು ಎಣಿಸಿದಳು. ಗೆರೆಗಳು ಕಡಿಮೆಯಾಗುತ್ತ ಬಂದಷ್ಟೂ ಅವಳ ನಗು ದೊಡ್ಡದಾಗುತ್ತ ಹೋಯಿತು. ಕೊನೆಗೆ ಪೆಟ್ಟಿಗೆ ತಬ್ಬಿಕೊಂಡು ಅತ್ತೇಬಿಟ್ಟಳು.

ಚಿಕ್ಕಪ್ಪ ಪೈಪ್ ತೆಗೆದು ನನ್ನ ಮುಖ ನೋಡಿದರು. "ಬೇಕಿದ್ರೆ ತಗೊಂಡು ಹೋಗ್ಲಿ. ಗಾಜಿಗೆಲ್ಲ ಹೀಗೆ ಅಳ್ತಾರಾ?"