ಹಿಮ್ಮಡಿಯ ಸನ್ನೆ

ನನ್ನ ಗಂಡನ ನಟನೆಯನ್ನು ನಾನು ಒಂದು ದಿನವೂ ಕಣ್ಣಾರೆ ನೋಡಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಮ್ಮದು ಬೇಸಿಗೆಯ ನಾಟಕಶಾಲೆ. ಮಕ್ಕಳಿಗೆ ರಜೆ ಬಿದ್ದ ಮೇಲೆ ಕೆರೆದಂಡೆಯ ಮರದ ಕಟ್ಟಡದ ಬಾಗಿಲು ತೆಗೆಯುತ್ತಾರೆ. ಒಂದು ವಾರ ಹಾಡಿನ ನಾಟಕ, ಒಂದು ವಾರ ನಗೆನಾಟಕ, ಹೀಗೆ ಬೇಸಿಗೆ ಮುಗಿಯುವ ತನಕ. ನಾನು ಪಿಯಾನೊ ನುಡಿಸುವವಳು. ವೇದಿಕೆಯ ಮುಂದೆ ವಾದ್ಯದವರಿಗೆಂದು ಒಂದು ಗುಂಡಿಯಿದೆ. ಅದನ್ನು ತೋಡಿಸಿದ ಪುಣ್ಯಾತ್ಮ ಪಿಯಾನೊ ಎಷ್ಟು ಅಗಲ ಇರುತ್ತದೆಂದು ಯಾರನ್ನೂ ಕೇಳಿದಂತಿಲ್ಲ. ಅದು ಅಲ್ಲಿ ಒಂದೇ ರೀತಿ ಹಿಡಿಸುತ್ತದೆ, ನಾನು ವೇದಿಕೆಗೆ ಬೆನ್ನು ಹಾಕಿಯೇ ಕೂರಬೇಕು. ನನ್ನ ಎದುರಿಗೆ ಮೊದಲ ಸಾಲಿನವರ ಮೊಣಕಾಲು, ತಲೆಯ ಹಿಂದೆ ನಟರ ಪಾದ. ತಾಲೀಮಿನಲ್ಲೂ ಅದೇ ಗತಿ.

ನಮ್ಮವರು ಹಾಸ್ಯನಟ. ನಗೆ ಎದ್ದ ಮೇಲೆ ಹಾಡನ್ನು ಯಾವಾಗ ಎತ್ತಬೇಕೆಂಬುದೇ ನಮ್ಮ ಕಸುಬಿನ ಜೀವ. ಬೇಗ ಎತ್ತಿದರೆ ನಗು ಸಾಯುತ್ತದೆ, ತಡವಾದರೆ ಹಾಡು ಸಾಯುತ್ತದೆ. ಜನ ನಗುವಷ್ಟು ಹೊತ್ತೂ ನಾನು ಎರಡೇ ಸ್ವರಗಳನ್ನು ತಿರುಗಿಸಿ ಮುರುಗಿಸಿ ನುಡಿಸುತ್ತ ಕಾಯುತ್ತಿದ್ದೆ. ನಗು ಏರಿ ಇನ್ನೇನು ಇಳಿಯಬೇಕು ಎನ್ನುವಾಗ ಅವರು ನನ್ನ ಎಡಗಡೆಯಲ್ಲಿ ಹಿಮ್ಮಡಿಯಿಂದ ಹಲಗೆಯನ್ನು ಎರಡು ಸಲ ತಟ್ಟುತ್ತಿದ್ದರು. ತಟ್ಟಿದೊಡನೆ ನಾನು ಹಾಡು ಎತ್ತುತ್ತಿದ್ದೆ. ಅದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ನಾನು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದ ಮನುಷ್ಯ, ಇಲ್ಲಿ ನಾನು ಅವರ ಕಾಲಿನ ಮಾತು ಕೇಳಿಕೊಂಡು ಬದುಕಿದೆ. ಮುನಿಸಿಕೊಂಡು ಮಾತು ಬಿಟ್ಟ ದಿನಗಳಲ್ಲೂ ಆ ಸನ್ನೆ ತಪ್ಪಿದ್ದಿಲ್ಲ.

ಕಳೆದ ಚಳಿಗಾಲದಲ್ಲಿ ಅವರು ಹೋದರು. ಎದೆ ಹಿಡಿದುಕೊಂಡು ಕುಸಿದರು. ಹಾಸ್ಯನಟನ ಮನೆಯಲ್ಲಿ ಎದೆ ಹಿಡಿದುಕೊಂಡವನನ್ನು ಯಾರು ತಾನೇ ಮೊದಲ ಏಟಿಗೆ ನಂಬುತ್ತಾರೆ.

ಬೇಸಿಗೆ ಬಂತು. ಮ್ಯಾನೇಜರ್ ಬೇರೊಂದು ಕಂಪನಿಯಿಂದ ಒಬ್ಬನನ್ನು ಕರೆತಂದ. ಎಲ್ಲರೂ ಅವನನ್ನು ಹೊಸಬ ಎಂದೇ ಕರೆದರು. ಬಡಕಲು ಆಸಾಮಿ, ಮೆಲ್ಲಗೆ ಮಾತಾಡುತ್ತಿದ್ದ. ಮೊದಲ ನಾಟಕ ನಮ್ಮವರಿಗೆ ಹೆಸರು ತಂದದ್ದೇ ಆಗಿತ್ತು. ಹುಡುಗಿಯ ಅಪ್ಪನ ಹತ್ತಿರ ಮದುವೆಯ ಮಾತಾಡಲು ಬಂದ ಗಂಡು ಕುರ್ಚಿಯ ಮೇಲೆ ಕೂರುತ್ತಾನೆ, ಕುರ್ಚಿಯ ಕಾಲು ಮುರಿಯುತ್ತದೆ. ಅದು ಗೊತ್ತಾಗಬಾರದೆಂದು ಗಾಳಿಯಲ್ಲೇ ಕೂತವನಂತೆ ಮಾತು ಮುಂದುವರಿಸುತ್ತ ಕೊನೆಗೆ ದೊಪ್ಪನೆ ಬೀಳುತ್ತಾನೆ. ಆಗ ಹುಡುಗಿ ಬರುತ್ತಾಳೆ, ಹಾಡು ಶುರು. ಹುಡುಗಿಯ ಪಾತ್ರ ನನ್ನ ನಾದಿನಿಯದು, ನಮ್ಮವರ ಒಬ್ಬಳೇ ತಂಗಿ.

ಮೊದಲ ಪ್ರದರ್ಶನದಲ್ಲಿ ಕುರ್ಚಿ ಮುರಿದ ಸದ್ದು ಕೇಳಿತು. ಸಭೆ ಘೊಳ್ಳೆಂದು ನಕ್ಕಿತು. ನಾನು ಆ ಎರಡು ಸ್ವರಗಳನ್ನು ಹಿಡಿದೆ. ನಗು ಇಳಿಯುವ ಹೊತ್ತಿಗೆ ನನ್ನ ತಲೆಯ ಹಿಂದೆ, ಎಡಕ್ಕೆ, ಹಲಗೆ ಟಕ್ ಟಕ್ ಎಂದಿತು. ಕೈ ತಾನಾಗಿಯೇ ಹಾಡು ಎತ್ತಿತು. ಆ ನಗು ನನಗೆ ಗೊತ್ತಿತ್ತು. ಹಿಂದಿನ ಸಾಲಿನಿಂದ ಎದ್ದು ಮುಂದಕ್ಕೆ ಬಂದು ಬಡಿಯುವ ಆ ನಗುವನ್ನು ನಾನು ಒಂದು ಆಯುಷ್ಯ ಕೇಳಿದ್ದೇನೆ.

ನಾಟಕ ಮುಗಿದ ಮೇಲೆ ಮ್ಯಾನೇಜರ್ ಹೊಸಬನ ಬೆನ್ನು ತಟ್ಟಿದ್ದೇ ತಟ್ಟಿದ್ದು. ಹೊಸಬನ ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ. ಎಲ್ಲರೂ ಹೋದ ಮೇಲೆ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನನ್ನು ಕೇಳಿದ.

"ಅಕ್ಕ, ನಾನಿನ್ನೂ ಬಿದ್ದೇ ಇರ್ಲಿಲ್ಲ. ಜನ ಯಾಕೆ ನಕ್ರು?"

ಎರಡು ಸಲ ತಟ್ಟುವ ನಮ್ಮ ಸನ್ನೆಯನ್ನು ಹೇಳಿ, ಎಡಗಡೆ ಯಾರು ನಿಂತಿದ್ದರು ಎಂದು ನಾನು ಕೇಳಿದೆ. ಅಲ್ಲಿ ಯಾರೂ ಇರಲಿಲ್ಲ ಎಂದ. ಮರುದಿನ ಬಡಗಿಯನ್ನು ಕರೆದು, ಸಡಿಲವಾದ ಹಲಗೆ ಇದೆಯೇನೋ ನೋಡು ಎಂದೆ. ಅವನು ಆ ಮೂಲೆಗೆಲ್ಲ ಮೊಳೆ ಜಡಿದು, ಇನ್ನು ಇದರ ಮೇಲೆ ಆನೆ ಕುಣಿದರೂ ಸದ್ದಿಲ್ಲ ಎಂದು ಬೀಗಿಕೊಂಡು ಹೋದ. ಸಂಜೆ ಹಲಗೆ ಮತ್ತೆ ಟಕ್ ಟಕ್ ಎಂದಿತು.

ಹೆದರಿದೆನೇ? ಇಲ್ಲ. ಸತ್ಯ ಹೇಳುತ್ತೇನೆ, ನನಗೆ ಹಿಗ್ಗು. ಚಳಿಗಾಲವಿಡೀ ಒಬ್ಬಳೇ ಉಂಡು ಒಬ್ಬಳೇ ಮಲಗಿದವಳು ನಾನು. ಈಗ ಬಿಸಿಲು ಇಳಿಯುವ ಮೊದಲೇ ತಲೆ ಬಾಚಿಕೊಂಡು, ಪೆಟ್ಟಿಗೆಯಲ್ಲಿದ್ದ ಓಲೆ ಹಾಕಿಕೊಂಡು, ಹೊಸ ಮದುವೆಯವಳಂತೆ ನಾಟಕಶಾಲೆಗೆ ಓಡುತ್ತಿದ್ದೆ. ನಾಟಕ ಬದಲಾದರೂ ಸನ್ನೆ ನಿಲ್ಲಲಿಲ್ಲ. ಟಿಕೆಟ್ ಸಿಗದೆ ಜನ ವಾಪಸು ಹೋಗುತ್ತಿದ್ದರು.

ಹೊಸಬ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋದ. ಅವನು ತಮಾಷೆ ಮಾಡುವ ಮೊದಲೇ ಜನ ನಗುತ್ತಿದ್ದರು, ಮಾಡಿದ ಮೇಲೆ ಯಾರೂ ನಗುತ್ತಿರಲಿಲ್ಲ. ಕ್ರಮೇಣ ಅವನು ಮಾಡುವುದನ್ನೇ ಬಿಟ್ಟ, ಸುಮ್ಮನೆ ನಿಂತು ಚಪ್ಪಾಳೆ ತೆಗೆದುಕೊಂಡು ಒಳಗೆ ಹೋಗುತ್ತಿದ್ದ. ಒಂದು ದಿನ ಬಣ್ಣದ ಕೋಣೆಯಿಂದ ನಾದಿನಿ ಓಡಿ ಬಂದಳು. ಹೊಸಬ ಅವಳನ್ನು ಗುಬ್ಬಿ ಎಂದು ಕರೆದನಂತೆ.

"ಅದು ಅಣ್ಣ ಮಾತ್ರ ಕರೀತಿದ್ದ ಹೆಸ್ರು ಅತ್ತಿಗೆ. ಯಾಕೆ ಹಾಗ್ ಕರೆದ್ರಿ ಅಂದ್ರೆ, ನಾನ್ ಏನೂ ಕರೀಲಿಲ್ವಲ್ಲ ಅಂತಾರೆ."

ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ಕೈ ಕೊಡವಿಕೊಂಡಳು. ಅಣ್ಣ ಹೋದನೆಂದು ತಾನೂ ಕಣ್ಣೀರು ಹಾಕಿದ್ದೇನೆ, ಆದರೆ ಈತ ಬದುಕಿರುವ ಮನುಷ್ಯ, ಅದು ನಿಮಗೆ ಕಾಣುತ್ತಿಲ್ಲವೇ ಎಂದಳು. ನನಗೆ ಕಾಣುತ್ತಿತ್ತು. ಕಂಡೂ ಕಾಣದವಳಂತೆ ಇದ್ದೆ.

ಬೇಸಿಗೆಯ ಕೊನೆಯ ವಾರ ಮತ್ತೆ ಕುರ್ಚಿಯ ನಾಟಕವನ್ನೇ ಹಾಕಿದರು. ಕೊನೆಯ ಪ್ರದರ್ಶನದ ಹಿಂದಿನ ದಿನ ಹೊಸಬ ನನ್ನ ಹತ್ತಿರ ಬಂದ. ನಾನು ಪಿಯಾನೊದ ಧೂಳು ಒರೆಸುತ್ತಿದ್ದೆ. ಅವನ ಹೆಂಡತಿ, ಮಗಳು ಊರಿನಿಂದ ಬಂದಿದ್ದರಂತೆ.

"ಮಗಳು ಬಾಗಿಲಲ್ಲೇ ನಿಂತ್ಕೊಂಡು ನನ್ನನ್ನೇ ಕೇಳಿದ್ಲು ಅಕ್ಕ, ನಮ್ಮಪ್ಪ ಎಲ್ಲಿ ಅಂತ."

ಅವನು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನಾಳೆ ತಾನು ಬೀಳುವುದಿಲ್ಲ, ತನ್ನದೇ ಒಂದು ತಮಾಷೆ ಮಾಡುತ್ತೇನೆ, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಮುಗಿದಾಗ ಒಂದೇ ಒಂದು ಸಲ ಕಾಲು ತಟ್ಟುತ್ತೇನೆ, ಅದಕ್ಕಷ್ಟೇ ಹಾಡು ಎತ್ತಿ ಎಂದ.

"ಹಾಗ್ ಮಾಡಿದ್ರೆ ನಮ್ಮವರು ಹೊರಟೋಗ್ತಾರೆ," ಎಂದೆ.

"ಅವರು ಹೋಗ್ದಿದ್ರೆ ನಾನ್ ಹೋಗ್ತೀನಿ ಅಕ್ಕ."

ನಾನು ಬಟ್ಟೆ ಹಿಡಿದು ಒರೆಸಿದ ಕಡೆಯೇ ಒರೆಸುತ್ತಿದ್ದೆ.

ಕೊನೆಯ ದಿನ ಸಭೆ ಕಿಕ್ಕಿರಿದಿತ್ತು. ಕುರ್ಚಿ ಮುರಿಯಿತು. ಮುಂದೆ ಆದದ್ದನ್ನು ನಾದಿನಿ ಆಮೇಲೆ ಹೇಳಿದಳು. ಹೊಸಬ ಮುರಿದ ಕಾಲನ್ನು ಮೆಲ್ಲಗೆ ಎತ್ತಿ ಕೋಟಿನೊಳಗೆ ಸೇರಿಸಿಕೊಂಡನಂತೆ. ಎದ್ದು ನಿಂತು ಕರವಸ್ತ್ರದಿಂದ ಕುರ್ಚಿಯನ್ನು ಚೊಕ್ಕವಾಗಿ ಒರೆಸತೊಡಗಿದನಂತೆ. ನನಗೆ ಗೊತ್ತಾದದ್ದು ಇಷ್ಟೇ, ಯಾರೂ ನಗುತ್ತಿಲ್ಲ. ಇಡೀ ಬೇಸಿಗೆಯಲ್ಲಿ ಅಂಥ ಮೌನ ನಾನು ಕೇಳಿರಲಿಲ್ಲ.

ಬೀಳಬೇಕಾದ ಹೊತ್ತಿಗೆ ಸರಿಯಾಗಿ ಹಲಗೆ ಟಕ್ ಟಕ್ ಎಂದಿತು.

ನನ್ನ ಬೆರಳು ಎದ್ದವು. ಕಷ್ಟಪಟ್ಟು ಅವನ್ನು ಆ ಎರಡು ಸ್ವರಗಳ ಮೇಲೇ ಕೂರಿಸಿದೆ. ಹಲಗೆ ಇನ್ನೊಮ್ಮೆ ಸದ್ದು ಮಾಡಿತು. ಬದುಕಿದ್ದಾಗ ಅವರು ಸನ್ನೆಯನ್ನು ಎರಡನೆಯ ಬಾರಿ ಮಾಡಿದವರೇ ಅಲ್ಲ. ಆಗ ನನಗೆ ಹೊಳೆಯಿತು. ಈ ತಮಾಷೆ ಅವರಿಗೆ ಗೊತ್ತಿಲ್ಲ. ತುಂಬಿದ ಸಭೆ ಸುಮ್ಮನೆ ಕೂತಿದೆ, ಅವರು ನಿಂತಿದ್ದಾರೆ, ನಗು ಬರುತ್ತಿಲ್ಲ. ತಮಾಷೆ ಸೋತ ನಟನನ್ನು ಹಾಡು ಎತ್ತಿ ಕಾಪಾಡುವುದು ಪಿಯಾನೊದವಳ ಧರ್ಮ. ಬಂದವರಿಗೆ ಹೋದವರಿಗೆಲ್ಲ ನಾನು ಅದನ್ನು ಮಾಡಿದ್ದೇನೆ. ಜ್ವರದಲ್ಲಿ ಮಾತು ಮರೆತ ದಿನಗಳಲ್ಲಿ ಅವರಿಗೂ ಮಾಡಿದ್ದೇನೆ.

ಮತ್ತೊಮ್ಮೆ ತಟ್ಟಿದರು. ಈ ಸಲ ಮೆಲ್ಲಗೆ, ತಡವಾಗಿ ಬಂದ ಗಂಡ ಮನೆಯ ಬಾಗಿಲು ತಟ್ಟುವ ಹಾಗೆ. ನಾನು ಹಲ್ಲು ಕಚ್ಚಿಕೊಂಡು ಅದೇ ಎರಡು ಸ್ವರ ನುಡಿಸಿದೆ.

ಹೊಸಬ ಒರೆಸಿದ ಕುರ್ಚಿಯನ್ನು ಹುಡುಗಿಯ ಅಪ್ಪನ ಹಿಂದಿಟ್ಟನಂತೆ, ನೀವು ಹಿರಿಯರು, ನೀವು ಕೂತ್ಕೊಳ್ಳಿ ಎಂದದ್ದು ನನಗೆ ಕೇಳಿತು. ಅಪ್ಪ ದೊಪ್ಪನೆ ಬಿದ್ದ ಸದ್ದಾಯಿತು. ಯಾರೋ ಒಬ್ಬರು ಕಿಸಕ್ಕೆಂದರು. ಇನ್ನೊಬ್ಬರು. ಆಮೇಲೆ ಸಭೆಯೆಲ್ಲ ನಕ್ಕಿತು. ಒರಟಾದ, ನನಗೆ ಪರಿಚಯವೇ ಇಲ್ಲದ ನಗು. ಅದು ಏರಿ ಇನ್ನೇನು ಇಳಿಯಬೇಕು ಎನ್ನುವಾಗ ಬಲಗಡೆಯಿಂದ ಒಂದೇ ಒಂದು ಸಲ ಹಲಗೆ ಸದ್ದು ಮಾಡಿತು.

ಹಾಡು ಎತ್ತಿದೆ. ಮದುವೆಯ ಹಾಡು, ಕುಣಿಯುವ ಹಾಡು. ಮೊದಲ ಸಾಲಿನವರು ಕಾಲು ಕುಣಿಸುತ್ತಿದ್ದರು. ನನಗೆ ಪಿಯಾನೊದ ಕೀಲಿಗಳು ಕಾಣಿಸುತ್ತಿರಲಿಲ್ಲ, ಕಣ್ಣು ಅಷ್ಟು ತುಂಬಿತ್ತು. ಹಾಡು ಮುಗಿಯುವವರೆಗೂ ಎಡಗಡೆಗೆ ಕಿವಿ ಕೊಟ್ಟೆ. ಅಲ್ಲಿ ಏನೂ ಇರಲಿಲ್ಲ.

ತಾವು ಸತ್ತಿರುವುದು ಅವರಿಗೆ ಆಗ ತಿಳಿದಿರಬೇಕು. ಅದನ್ನು ತಿಳಿಸುವ ಕೆಲಸ ನನ್ನ ಪಾಲಿಗೇ ಬಂತು.