ಈ ವಾರ ಎಷ್ಟು ಸೋಮವಾರ

ಕಿಟಕಿಯ ಗಾಜಿನ ಮೇಲೆ ಮತ್ತೆ ಕೆಂಪು ಧೂಳು, ಬೆಳಿಗ್ಗೆಯಷ್ಟೇ ಒರೆಸಿದ್ದಳಲ್ಲ ಕೌಸರ್, ಗಾಂಧಿನಗರದ ಈ ಸಣ್ಣ ಕ್ಲಿನಿಕ್ಕನ್ನೂ ಅದಿರಿನ ಲಾರಿಗಳು ಬಿಡುವುದಿಲ್ಲ, ನಾಲಿಗೆಯ ಮೇಲೂ ಅದೇ ರುಚಿ — ಎದುರಿಗೆ ಕುರುಗೋಡಿನ ಜಡೆಪ್ಪಜ್ಜ, ಮರೆವಿನ ರೋಗ, ಪಕ್ಕದಲ್ಲಿ ಸೊಸೆ ರೇಣುಕಾ ಬಿಚ್ಚಿಟ್ಟ ಬುತ್ತಿ, ರೊಟ್ಟಿ, ಮೆಂತ್ಯ ಪಲ್ಯ, ಅಗಸಿ ಚಟ್ನಿ, ಮಿದುಳಿಗೆ ಒಳ್ಳೆಯದೆಂದು ಕೌಸರಳೇ ಬರೆದುಕೊಟ್ಟದ್ದು. ಹನ್ನೊಂದು ವರ್ಷ ನರ್ಸ್ ಆಗಿದ್ದವಳು, ಈಗ ರೋಗಿಗಳಿಗೆ ಪಥ್ಯ ಹೇಳುವವಳು, ಸೂಜಿ ಬಿಟ್ಟು ಸೊಪ್ಪಿನ ಗಂಟು ಹೊತ್ಕೊಂಡಿಯೇನಲೇ ಎಂದು ವಾರ್ಡಿನ ಎಲ್ಲಮ್ಮ ನಕ್ಕಿದ್ದಳು, ನಗಲಿ, ಏನು ತಿನ್ನಬೇಕೆಂದು ಆಹಾರದ ಪುಸ್ತಕಗಳಲ್ಲಿದೆ, ಮುಚ್ಚಿದ ಬಾಯಿ ತೆರೆಸುವುದು ಹೇಗೆಂದು ಇಲ್ಲ. ಅಜ್ಜ ತಟ್ಟೆಯ ಮೇಲೆ ಅಂಗೈ ಬೋರಲು ಇಟ್ಟ. ಒಲ್ಲೆನವ್ವಾ, ಸೋಮವಾರ, ಒಪ್ಪತ್ತು ಐತಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುವಾರ. ರೇಣುಕಾಳ ದನಿಯಲ್ಲಿ ಹೆಮ್ಮೆ — ನನ್ನ ಹೆಸರು ಮರತಾರ್ರಿ, ಒಪ್ಪತ್ತು ಮರತಿಲ್ಲ ನೋಡ್ರಿ, ವಯಸ್ಸಾದಂಗ ಭಕ್ತಿ ಹೆಚ್ಚಾಗೇತಿ.

ಭಕ್ತಿ, ಹೌದು, ಸಿರುಗುಪ್ಪದ ತವರುಮನೆಯಲ್ಲೂ ಹಾಗೇ ಅಂದುಕೊಂಡಿದ್ದರು, ಅಮ್ಮಿ ರಂಜಾನ್ ಆದ ಮ್ಯಾಲಿನ ಆರು ರೋಜಾನೂ ಹಿಡದಾರ ಕೌಸರಕ್ಕಾ, ಫೋನಿನಲ್ಲಿ ತಮ್ಮನ ಹೆಂಡತಿ ಶಬಾನಾ, ಈ ಕಡೆ ಕೌಸರಳ ಕೈತುಂಬ ರಕ್ತ, ಆ ವರ್ಷ ದಿನಕ್ಕೆ ಎಷ್ಟು ಲಾರಿ ಅಪಘಾತ, ರಜೆ ಯಾರು ಕೊಡುತ್ತಾರೆ, ಹಿಡೀಲಿ ಬಿಡವಾ, ಸವಾಬ್ ಸಿಗತೈತಿ — ಪುಣ್ಯ ಎಂದವಳು ತಾನೇ, ಮರೆವು ಎಂದು ಹೊಳೆಯಬೇಕಾದವಳೂ ತಾನೇ. ಆರು ಉಪವಾಸ ಮುಗಿದರೂ ಅಮ್ಮಿಗೆ ರೋಜಾ ಮುಗಿಯಲಿಲ್ಲ, ಸಂಜೆ ಖರ್ಜೂರ, ಗಂಜಿ ಮುಂದಿಟ್ಟು ತಮ್ಮ, ಶಬಾನಾ ಅಂಗಡಿಗೆ ಹೋಗುತ್ತಿದ್ದರು, ಗಂಜಿ ಕೋಳಿಗೆ, ಖರ್ಜೂರ ಹಾಸಿಗೆಯ ಕೆಳಗೆ, ಆಮೇಲೆ ಹಾಸಿಗೆ ಎತ್ತಿದಾಗ ಇರುವೆ ಮುತ್ತಿದ ರಾಶಿ. ಆಸ್ಪತ್ರೆಯ ಮಂಚದಲ್ಲಿ ಹಿಡಿಯಷ್ಟಾಗಿದ್ದಳು ತಾಯಿ ಬಾನುಬೀ, ಹಬ್ಬದ ಮೆಹಂದಿ ಅರ್ಧ ಉಗುರಿಗೆ ಸರಿದಿತ್ತು, ತಟ್ಟೆಯ ಮೇಲೆ ಅಂಗೈ ಬೋರಲು, ಇನ್ನೂ ಮಸೀದ್ಯಾಗ ಬಾಂಗ್ ಆಗಿಲ್ಲ ಬೇಟಿ. ಆಗೇತಿ ಅಮ್ಮಿ, ಆಗೇತಿ, ಕತ್ತಲಾಗೇತಿ ನೋಡು — ಸುಳ್ಳಾಡಬ್ಯಾಡ, ರೋಜಾದಾಗ. ಆ ಮಂಚದಿಂದ ಅಮ್ಮಿ ಏಳಲಿಲ್ಲ.

ರೇಣುಕಾ, ಈ ವಾರ ಎಷ್ಟು ಸೋಮವಾರ ಆದ್ವು? ಇಷ್ಟೇ ಸಣ್ಣ ಪ್ರಶ್ನೆ, ಎಷ್ಟನೇ ರೋಜಾ ಶಬಾನಾ ಎಂದು ಅಂದೂ ಕೇಳಬಹುದಿತ್ತು. ರೇಣುಕಾ ಬೆರಳು ಮಡಚುತ್ತಾಳೆ, ಒಂದು, ಎರಡು, ನಿಲ್ಲುತ್ತಾಳೆ, ಮಾವನ ಎದ್ದು ನಿಂತ ಕೊರಳೆಲುಬು ಈಗ ಕಾಣುತ್ತಿದೆ ಅವಳಿಗೆ, ಅಯ್ಯ ಶಿವನೇ, ರಾತ್ರಿನೂ ಉಂಡೀನಿ ಅಂತಿದ್ರಲ್ರಿ. ಅಳಬ್ಯಾಡ, ಇನ್ನೂ ಹೊತ್ತೈತಿ. ವಾದ ಮಾಡಬಾರದು, ಅಮ್ಮಿಯ ಜೊತೆ ಮಾಡಿದ ಹಾಗೆ ಮಾಡಬಾರದು, ಕೌಸರ್ ರೊಟ್ಟಿ ಮುರಿದು ಮೊದಲು ತನ್ನ ಬಾಯಿಗಿಟ್ಟಳು, ಒಬ್ಬಾಕಿನ ಉಣ್ಣಾಕ ಬ್ಯಾಸರ ಅಜ್ಜಾರ, ಆ ಒಂದು ಊಟ ನನ್ನ ಕೂಡ ಮಾಡ್ರಿ. ಅಜ್ಜ ನೋಡಿದ, ನಕ್ಕ, ಉಣ್ಣು ಮಗಳಾ, ಕೈ ಮೆಲ್ಲಗೆ ಸರಿಯಿತು, ತಟ್ಟೆ ತೆರೆಯಿತು, ತುತ್ತು ಬಾಯಿಗೆ ಹೋಯಿತು, ಎರಡನೆಯದೂ — ಕೌಸರಳ ಕಣ್ಣಿಗೆ ಮಾತ್ರ ತೆರೆದ ತಟ್ಟೆಯ ಮೇಲೆ ಇನ್ನೊಂದು ಕೈ, ಬೋರಲು, ಅರ್ಧ ಉಗುರಿನ ಮೆಹಂದಿ